ತೆರಿಗೆಗೆ ಸರ್ಕಾರ ಇದೆ, ದೂರಿಗೆ ಯಾರಿದ್ದಾರೆ? ದಾವಣಗೆರೆ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ಮಂಡಿಪೇಟೆಯ ಒಬ್ಬ ವ್ಯಾಪಾರಿ. ಕ್ರಿಪ್ಟೊದಲ್ಲಿ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್‌ಗಳಲ್ಲಿ, ದುಡ್ಡು ಹಾಕಿದವನು. ಕ್ರಿಪ್ಟೊ ಅಂದ ಕೂಡಲೇ ಜೂಜು ಅಂದುಕೊಂಡು ಪತ್ರ ಪಕ್ಕಕ್ಕಿಡಬೇಡಿ. ನಾನು ಕೇಳುತ್ತಿರುವುದು ಒಂದು ಕಾನೂನು, ಅದರಡಿ ಒಂದು ಪ್ರಾಧಿಕಾರ. ದುಡ್ಡು ಸಿಕ್ಕಿಹಾಕಿಕೊಂಡವನು ಎಲ್ಲಿಗೆ ಹೋಗಬೇಕು ಅಂತ ಅದರಲ್ಲಿ ಬರೆದಿರಬೇಕು.

ತೆರಿಗೆ ನಿಯಮ ನಿಮಗೆ ಗೊತ್ತೇ ಇರುತ್ತದೆ. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ. 30, ಮೇಲೆ ಸೆಸ್. ಅದೇ ಜುಲೈನಿಂದ ಮಾರಿದ ಮೊತ್ತಕ್ಕೆ ಶೇ. 1 ಟಿಡಿಎಸ್, ಅಂದರೆ ದುಡ್ಡು ಕೈಗೆ ಬರುವ ಮೊದಲೇ ಮುರಿದುಕೊಳ್ಳುವ ತೆರಿಗೆ. ಒಂದರ ಲಾಭದಲ್ಲಿ ಇನ್ನೊಂದರ ನಷ್ಟ ಕಳೆಯುವ ಹಾಗಿಲ್ಲ. ಬಿಟ್‌ಕಾಯಿನ್‌ನಲ್ಲಿ ಗಳಿಸಿ, ಬೇರೆ ಕಾಯಿನ್‌ನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಂಡ ವರ್ಷವೂ ನಾನು ತೆರಿಗೆ ಕಟ್ಟಿದ್ದೇನೆ. ಲೆಕ್ಕ ತೋರಿಸುವಾಗ ಆಡಿಟರಿಗೇ ನಗು ಬಂತು. ಆದರೂ ತಕರಾರು ಮಾಡದೆ ಕಟ್ಟಿದೆ.

ಆಮೇಲೆ ನಾನು ಖಾತೆ ಇಟ್ಟಿದ್ದ, ಕಾಯಿನ್ ಕೊಳ್ಳುವ-ಮಾರುವ ಎಕ್ಸ್‌ಚೇಂಜು ಹಣ ವಾಪಸ್ ಕೊಡುವುದನ್ನೇ ನಿಲ್ಲಿಸಿತು. ಬ್ಯಾಲೆನ್ಸ್ ಆ್ಯಪಿನಲ್ಲಿ ಕಾಣುತ್ತದೆ, ಕೈಗೆ ಬರುವುದಿಲ್ಲ. ಮಗಳ ಇಂಜಿನಿಯರಿಂಗ್ ಸೀಟಿಗೆಂದು ಇಟ್ಟಿದ್ದ ಹಣ. ಕೊನೆಗೆ ಮನೆಯವಳ ಬಳೆ ಅಡವಿಟ್ಟು ಫೀಸು ಕಟ್ಟಿದೆವು. ಬ್ಯಾಂಕಿನವರು ನಮಗೆ ಸಂಬಂಧವಿಲ್ಲ ಅಂದರು. ಠಾಣೆಗೆ ಹೋದೆ. ಅಲ್ಲಿದ್ದ ಸಾಹೇಬರು ದೂರು ಪೂರ್ತಿ ಓದಲೂ ಇಲ್ಲ.

"ಎಲ್ಲೈತಿ ಆ ಕಾಯಿನ್ನು? ತಂದು ತೋರ್ಸ್ರಿ ಮೊದ್ಲು."

ಕೈಯಲ್ಲಿ ಹಿಡಿಯೋ ನಾಣ್ಯ ಅಲ್ಲ ಸಾರ್ ಅದು, ಅಂದೆ.

"ಬ್ಯಾನ್ ಆಗಿರೋದು ಅದೇ ಅಲ್ಲೇನ್ರಿ? ನಿಮ್ ಮ್ಯಾಲೇ ಕೇಸ್ ಹಾಕ್ಬೇಕಾಗ್ತತಿ ನೋಡ್ರಿ!"

ತೆರಿಗೆ ಕಟ್ಟಿದ ಚಲನ್ ಮುಂದಿಟ್ಟೆ. ತಿರುಗಿಸಿ ನೋಡಿದರು. ಹಿಂದೆ ಏನೂ ಬರೆದಿರಲಿಲ್ಲವಲ್ಲ, ವಾಪಸ್ ಕೊಟ್ಟರು.

ಬ್ಯಾನ್ ಎಲ್ಲಿದೆ ಸ್ವಾಮಿ? ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡದಂತೆ ಬ್ಯಾಂಕುಗಳ ಕೈಕಟ್ಟಿದ್ದ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲೇ ರದ್ದು ಮಾಡಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಕ್ರಿಪ್ಟೊ ಬಗ್ಗೆ ಒಂದು ಮಸೂದೆ ಇತ್ತು, ಮಂಡನೆಯಾಗಲೇ ಇಲ್ಲ. 2023ರಲ್ಲಿ ಎಕ್ಸ್‌ಚೇಂಜುಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯೊಳಗೆ ತಂದರು. ಒಳ್ಳೆಯದೇ. ಪ್ಯಾನು, ಆಧಾರು, ಸೆಲ್ಫಿ ಎಲ್ಲ ಕೊಟ್ಟೆವು. ಕಳ್ಳದುಡ್ಡು ಹಿಡಿಯಲು ಇಷ್ಟೆಲ್ಲ ಇದೆ, ತೆರಿಗೆ ಕಟ್ಟಿದ ದುಡ್ಡು ಬಿಡಿಸಿಕೊಡಲು ಏನಿದೆ? ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ತೂಕ ತುಸು ಹೆಚ್ಚುಕಮ್ಮಿಯಾದರೂ ರೈತ ನೇರ ಕಾರ್ಯದರ್ಶಿ ಹತ್ತಿರ ಹೋಗಿ ಜಗಳ ತೆಗೆಯಬಹುದು. ನನಗೆ ಜಗಳ ತೆಗೆಯಲೂ ಒಬ್ಬರಿಲ್ಲ.

ಅದಕ್ಕೇ ಮತ್ತೆ ಕೇಳುತ್ತೇನೆ, ಕಾನೂನು ಮಾಡಿಸಿ. ಅಷ್ಟು ತ್ರಾಸಾದರೆ ನಿಷೇಧವನ್ನೇ ಮಾಡಿಸಿ, ಆದರೆ ಈವರೆಗೆ ಎತ್ತಿಕೊಂಡ ಶೇ. 30 ವಾಪಸ್ ಕೊಡಿಸಿ! ಆಸ್ತಿ ಅಂತ ತೆರಿಗೆ ವಸೂಲಿ ಮಾಡುವುದು, ದೂರು ಕೊಟ್ಟಾಗ ಆಸ್ತಿಯೇ ಅಲ್ಲ ಅನ್ನುವುದು, ಎರಡೂ ಒಂದೇ ಸರ್ಕಾರದ ಬಾಯಲ್ಲಿ ಬರಬಾರದು.

ಮುಂದಿನ ಅಧಿವೇಶನದಲ್ಲಿ ಹಣಕಾಸು ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆಯನ್ನೇ ಹಾಕಿ, ಉತ್ತರ ಬಾಯಿಂದ ಬರಲಿ: ಕಾನೂನು ಯಾವಾಗ, ಅಲ್ಲಿಯವರೆಗೆ ದೂರು ಯಾರಿಗೆ? ಉತ್ತರ ಬಂದರೆ ದಯವಿಟ್ಟು ಅದರ ಒಂದು ಪ್ರತಿ ಠಾಣೆಗೂ ಕಳಿಸಿ.

ಇತಿ,
ನಿಮ್ಮ ಕ್ಷೇತ್ರದ ಮತದಾರ, ತೆರಿಗೆದಾರ
ಮಂಡಿಪೇಟೆ, ದಾವಣಗೆರೆ