ನಗರ ನವೀಕರಣದ ನಕ್ಷೆಯಲ್ಲಿ ಹೂವಾಡಗಿತ್ತಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

2005ರ ಡಿಸೆಂಬರ್‌ನಲ್ಲಿ ಕೇಂದ್ರದ ‘ಜೆ–ನರ್ಮ್’ ನಗರ ನವೀಕರಣ ಯೋಜನೆ ಆರಂಭವಾದಾಗಿನಿಂದ ಬೆಂಗಳೂರಿನ ಹಳೆಯ ಬೀದಿಗಳನ್ನು ಅಗೆದು ಹೊಸದಾಗಿ ಕಟ್ಟುವ ಕಾಮಗಾರಿಗಳು ಒಂದಲ್ಲ ಒಂದು ಹೆಸರಿನಲ್ಲಿ ನಡೆಯುತ್ತಲೇ ಇವೆ. ಕೇಬಲ್, ಕೊಳವೆಗಳನ್ನೆಲ್ಲ ಅಚ್ಚುಕಟ್ಟಾಗಿ ನೆಲದಡಿಗೆ ಸೇರಿಸಿ, ವಯಸ್ಸಾದವರೂ ನೆಮ್ಮದಿಯಿಂದ ನಡೆಯುವಂತೆ ಫುಟ್‌ಪಾತ್ ಅಗಲಗೊಳಿಸಿದ ‘ಟೆಂಡರ್‌ಶ್ಯೂರ್’ ಯೋಜನೆಯ ರಸ್ತೆಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಒಂದು ಪ್ರದೇಶ ನವೀಕರಣಗೊಂಡಿತು ಎನ್ನಬೇಕಾದರೆ, ಮೊದಲಿನಿಂದ ಅಲ್ಲಿ ದುಡಿದು ಬದುಕುತ್ತಿದ್ದವರು ಕೆಲಸ ಮುಗಿದ ಮೇಲೂ ಅಲ್ಲೇ ಬದುಕುವಂತಿರಬೇಕು.

ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುತ್ತ ನಸುಕಿನಲ್ಲಿ ಒಮ್ಮೆ ನಡೆದು ನೋಡಬೇಕು. ಸೇವಂತಿಗೆ, ಕನಕಾಂಬರ ಬಾಡದಂತೆ ಮೂಟೆಯ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ, ಮೊಳ ಹಾಕಿ ಮಾರುವ ಹೆಣ್ಣುಮಕ್ಕಳಿಗೆ ಬೇಕಾಗಿರುವುದು ಮೂಟೆ ಇಳಿಸಲು ಒಂದಿಷ್ಟು ಜಾಗ, ಚಿಮುಕಿಸಲು ನೀರಿನ ನಲ್ಲಿ, ಹತ್ತಿರದಲ್ಲೇ ಶುಚಿಯಾದ ಶೌಚಾಲಯ. ಚರಂಡಿಯ ಮುಚ್ಚಳ, ದೀಪದ ಕಂಬ ಎಲ್ಲಿರಬೇಕೆಂದು ಅಳೆದು ಗುರುತಿಸುವ ನಕ್ಷೆಯಲ್ಲಿ ಇವುಗಳಿಗೂ ಅಳತೆ ಇರಬೇಡವೇ? ಇಲ್ಲದಿದ್ದರೆ ಕಲ್ಲುಹಾಸು ಹಾಸಿದ ಮರುದಿನವೇ ಅವರು ‘ಒತ್ತುವರಿದಾರ’ರೆನಿಸಿಕೊಂಡು ಎತ್ತಂಗಡಿಯಾಗುತ್ತಾರೆ. ಬೀದಿ ಚೆಂದವಾದಂತೆ ಬಾಡಿಗೆ ಏರಿ, ಹಳೆಯ ಸಣ್ಣ ಅಂಗಡಿಯವರು ಜಾಗ ಖಾಲಿ ಮಾಡಬೇಕಾಗಿ ಬರುವುದೂ ಇದೇ ಸಂಕಟದ ಇನ್ನೊಂದು ರೂಪ.

ಕಾನೂನಿನ ಕೊರತೆಯೇನೂ ಇಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಪ್ರಮಾಣಪತ್ರ ಹೊಂದಿದ ವ್ಯಾಪಾರಿಯನ್ನು ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟಿಸ್ ಕೊಡಲೇಬೇಕು. ಅದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳ ಪ್ರತಿನಿಧಿಗಳೇ ಆಗಿರಬೇಕು. ಆದರೆ ಗುತ್ತಿಗೆ ಅಂತಿಮಗೊಂಡು, ಜೆಸಿಬಿ ಬಂದು ನಿಂತ ಮೇಲೆ ಅವರ ಮಾತು ಕೇಳಿ ಪ್ರಯೋಜನವೇನು? ಅದರಲ್ಲೂ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾಯಿತ ಪ್ರತಿನಿಧಿಗಳೇ ಇಲ್ಲದ ಈ ನಗರದಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತವರು ತಮ್ಮ ಅಹವಾಲನ್ನು ಯಾರ ಬಾಗಿಲಿಗೆ ಒಯ್ಯಬೇಕಿತ್ತು?

ಆದ್ದರಿಂದ, ಯಾವುದೇ ಮಾರುಕಟ್ಟೆ ಅಥವಾ ಪೇಟೆ ಬೀದಿಯ ನವೀಕರಣಕ್ಕೆ ಟೆಂಡರ್ ಕರೆಯುವ ಮುನ್ನವೇ ಅಲ್ಲಿನ ವ್ಯಾಪಾರಿಗಳ ಸಮೀಕ್ಷೆ ಮುಗಿಸಿ, ಪ್ರತಿಯೊಬ್ಬರ ಜಾಗವನ್ನು ನಕ್ಷೆಯಲ್ಲಿ ಗುರುತಿಸಬೇಕು. ಕಾಮಗಾರಿಯ ಅವಧಿಗೆ ಹತ್ತಿರದಲ್ಲೇ ತಾತ್ಕಾಲಿಕ ಸ್ಥಳ ಒದಗಿಸಿ, ಮುಗಿದ ಮೇಲೆ ಅವರನ್ನು ಮರಳಿ ಅಲ್ಲೇ ಕೂರಿಸುವ ಷರತ್ತನ್ನು ಟೆಂಡರ್‌ನಲ್ಲೇ ಬರೆಯಬೇಕು. ಆ ಷರತ್ತು ಈಡೇರುವವರೆಗೆ ಗುತ್ತಿಗೆದಾರರ ಕೊನೆಯ ಬಿಲ್ ಪಾವತಿ ಮಾಡಬಾರದೆಂದು ಸಂಬಂಧಪಟ್ಟವರನ್ನು ಆಗ್ರಹಿಸುತ್ತೇನೆ.

– ಓರ್ವ ಓದುಗ, ಬಸವನಗುಡಿ, ಬೆಂಗಳೂರು