ಎಫ್‌ಸಿ ಕೊಡುವ ಮುಂಚೆ ಲಾರಿಯ ಹಿಂಭಾಗ ನೋಡಿ, ಟ್ಯಾಕ್ಸಿಯ ಹಿಂದಿನ ಸೀಟು ನೋಡಿ: ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಸರ್, ನಮಸ್ಕಾರ.

ಹೊಸ ಕಾನೂನು ಮಾಡಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ಕಾನೂನು ಇದೆ. ಲಾರಿ, ಟ್ಯಾಕ್ಸಿಗಳಿಗೆ ಎಫ್‌ಸಿ, ಅಂದರೆ ರಸ್ತೆಯಲ್ಲಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಕೊಡುವಾಗ ನಿಮ್ಮ ಇಲಾಖೆಯವರು ಎರಡು ವಸ್ತುಗಳನ್ನು ಬಗ್ಗಿ ನೋಡಬೇಕು, ಕೈಯಿಂದ ಎಳೆದು ನೋಡಬೇಕು. ನಾನು ಕೇಳುವುದು ಇಷ್ಟೇ. ಒಂದು, ಲಾರಿಯ ಹಿಂದೆ ತಳಭಾಗದಲ್ಲಿ ಇರಬೇಕಾದ ಕಬ್ಬಿಣದ ಅಡ್ಡಪಟ್ಟಿ. ಇನ್ನೊಂದು, ಟ್ಯಾಕ್ಸಿಯ ಹಿಂದಿನ ಸೀಟಿನ ಬೆಲ್ಟು. ನಮ್ಮ ಮನೆಯ ನಾಲ್ಕು ಜನ ಇವತ್ತು ಬದುಕಿ ಓಡಾಡುತ್ತಿದ್ದರೆ ಅದಕ್ಕೆ ಒಂದು ಗಟ್ಟಿ ಕಾರು, ಒಂದು ಅಡ್ಡಪಟ್ಟಿ, ನಾಲ್ಕು ಬೆಲ್ಟು ಕಾರಣ. ಅದಕ್ಕೇ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ಹೊರಟಿದ್ದೆವು. ನಮ್ಮ ಯಜಮಾನರು ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ನನ್ನ ಅಮ್ಮ ಮತ್ತು ಮಗಳು. ಶಿರಾ ಹತ್ತಿರ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಎಡಗಡೆಯ ಲೇನಿನಲ್ಲೇ ಒಂದು ಲಾರಿ ಪಂಕ್ಚರ್ ಆಗಿ ನಿಂತಿತ್ತು. ಇಂಡಿಕೇಟರ್ ಇಲ್ಲ. ಹಿಂದೆ ಹೊಳೆಯಬೇಕಾದ ಕೆಂಪು ರಿಫ್ಲೆಕ್ಟರ್ ಪಟ್ಟಿ ಇಲ್ಲ. ನಮ್ಮ ಹೆಡ್‌ಲೈಟಿಗೆ ಅದು ಕಾಣುವಷ್ಟರಲ್ಲಿ ತೀರಾ ಹತ್ತಿರ ಬಂದುಬಿಟ್ಟಿದ್ದೆವು. ಯಜಮಾನರು ಬ್ರೇಕ್ ಒತ್ತಿ ಬಲಕ್ಕೆ ತಿರುಗಿಸಿದರು. ಅಷ್ಟು ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗಲಿಲ್ಲ, ಸ್ಟೀರಿಂಗ್ ಮಾತು ಕೇಳಿತು. ಅದು ಎಬಿಎಸ್‌ನ ಕೆಲಸ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಅದು ಕಡ್ಡಾಯ. ಆದರೂ ಪೂರ್ತಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಕಾರಿನ ಎಡಮೂಲೆ, ಅಂದರೆ ನಾನು ಕೂತಿದ್ದ ಕಡೆ, ಲಾರಿಯ ಹಿಂಬದಿಯ ಬಲಮೂಲೆಗೆ ಹೊಡೆಯಿತು.

ಆಮೇಲೆ ಒಳಗೆಲ್ಲ ಬಿಳಿ ಪುಡಿ, ಸುಟ್ಟ ವಾಸನೆ. "ಅಮ್ಮಾ, ಬೆಂಕಿ!" ಎಂದು ಮಗಳು ಕೂಗಿದಳು. ಬೆಂಕಿಯಲ್ಲ, ಅದು ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಬರುವ ಪುಡಿ ಮತ್ತು ಗ್ಯಾಸ್ ಎಂದು ನಮಗೆ ಗೊತ್ತಾಗಿದ್ದು ಆಮೇಲೆ. ನಾಲ್ಕೂ ಬಾಗಿಲು ಕೈಯಲ್ಲೇ ತೆರೆದುಕೊಂಡವು. ನನ್ನ ಮಣಿಕಟ್ಟು ಮುರಿದಿತ್ತು. ಅಮ್ಮನಿಗೆ ಒಂದು ಪಕ್ಕೆಲುಬು ಬಿರುಕು ಬಿಟ್ಟಿತ್ತು, ಭುಜದಿಂದ ಸೊಂಟದವರೆಗೆ ಬೆಲ್ಟಿನ ಅಗಲಕ್ಕೇ ನೀಲಿ ಬರೆ ಎದ್ದಿತ್ತು. ಯಜಮಾನರಿಗೆ, ಮಗಳಿಗೆ ತರಚು ಗಾಯ ಅಷ್ಟೇ. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಅಮ್ಮನ ಬರೆಯನ್ನು ನೋಡಿ, "ಈ ಗುರುತು ಇರೋದಕ್ಕೇ ಇವರು ಇಲ್ಲಿದ್ದಾರೆ" ಎಂದರು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಾರು ನೋಡಲು ಹೋದೆ. ಗ್ಯಾರೇಜಿನ ಮೇಸ್ತ್ರಿ ಬಹಳ ತಾಳ್ಮೆಯಿಂದ ಒಂದೊಂದೇ ತೋರಿಸಿದರು. ಬಾನೆಟ್ಟು, ಫೆಂಡರು, ಒಳಗಿನ ಉದ್ದನೆಯ ಉಕ್ಕಿನ ತೊಲೆಗಳು ಎಲ್ಲಾ ಮಡಿಸಿ ಮುದ್ದೆಯಾಗಿದ್ದವು. ಅಲ್ಲಿಂದ ಒಂದು ಗೇಣು ಹಿಂದೆ ಬಂದರೆ, ಮುಂದಿನ ಗಾಜು ಬಾಗಿಲು ಸೇರುವ ಕಡೆ ಇರುವ ಕಂಬ ನೆಟ್ಟಗೆ ನಿಂತಿತ್ತು. ಬಾಗಿಲಿಗೂ ಆ ಕಂಬಕ್ಕೂ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ. "ಮೇಡಂ, ಮುಂದಿಂದು ಮುರಿಯೋಕೇ ಮಾಡಿರೋದು. ಒಳಗಿಂದು ಮುರೀಬಾರದು ಅಂತ ಮಾಡಿರೋದು" ಎಂದರು. ಕ್ರಿಕೆಟ್ ಚೆಂಡು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನಲ್ಲ, ಕಾರಿನ ಮುಂಭಾಗ ಮಾಡುವುದೂ ಅದನ್ನೇ. ಹೊಡೆತವನ್ನು ಒಂದೇ ಸಲಕ್ಕೆ ಒಳಗೆ ಬಿಡದೆ, ಮಡಚಿಕೊಳ್ಳುತ್ತಾ ಸ್ವಲ್ಪ ಸ್ವಲ್ಪವಾಗಿ ತಾನೇ ತಿನ್ನುತ್ತದೆ. ಆ ಸ್ವಲ್ಪ ಸ್ವಲ್ಪ ಎನ್ನುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಇರಬಹುದು. ಅಷ್ಟರಲ್ಲೇ ಬೆಲ್ಟು ಸಡಿಲ ಬಿಡದೆ ಎಳೆದುಕೊಂಡು, ಆಮೇಲೆ ಎದೆ ಮುರಿಯದಂತೆ ತುಸು ಬಿಟ್ಟುಕೊಡುತ್ತದೆ. ಏರ್‌ಬ್ಯಾಗು ಉಬ್ಬಿ ಮುಖಕ್ಕೆ ಅಡ್ಡ ಬರುತ್ತದೆ. ಇವು ಒಂದನ್ನೊಂದು ನಂಬಿಕೊಂಡು ಕೆಲಸ ಮಾಡುತ್ತವೆ. ಬೆಲ್ಟ್ ಇಲ್ಲದೆ ಏರ್‌ಬ್ಯಾಗಿಗೆ ಮುಖ ಕೊಟ್ಟರೆ ಅದೇ ಏಟಾಗುತ್ತದೆ.

ಮುಂಭಾಗ ಮೆತ್ತಗೆ, ಒಳಗೂಡು ಗಟ್ಟಿ ಎಂಬ ಈ ಯೋಚನೆಗೆ 1950ರ ದಶಕದ ಶುರುವಿನಲ್ಲೇ ಪೇಟೆಂಟ್ ಪಡೆದವರು ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ. ಭುಜ, ಸೊಂಟ ಎರಡನ್ನೂ ಹಿಡಿಯುವ ಇವತ್ತಿನ ಬೆಲ್ಟನ್ನು 1959ರಲ್ಲಿ ಮಾಡಿದವರು ವೋಲ್ವೋದ ನಿಲ್ಸ್ ಬೋಲಿನ್. ಬೇರೆ ಕಂಪನಿಗಳೂ ಬಳಸಲಿ ಎಂದು ವೋಲ್ವೋ ಆ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಇಬ್ಬರಿಗೂ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ನಮ್ಮ ದೇಶಕ್ಕೆ ಇದೆಲ್ಲ ತಡವಾಗಿ ಬಂತು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಇಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿದಾಗ, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. 2018ರ ಕೊನೆಗೆ ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆಯಿತು. 2019ರ ಜುಲೈಯಿಂದ ಚಾಲಕರ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಂ ಕಡ್ಡಾಯವಾದವು. ಪಕ್ಕದ ಸೀಟಿನ ಏರ್‌ಬ್ಯಾಗ್ 2021ರಲ್ಲಿ ಕಡ್ಡಾಯವಾಯಿತು. 2023ರ ಅಕ್ಟೋಬರ್‌ನಲ್ಲಿ ನಮ್ಮದೇ ಡಿಕ್ಕಿ ಪರೀಕ್ಷೆ, ಭಾರತ್ ಎನ್‌ಕ್ಯಾಪ್, ಶುರುವಾಯಿತು. ಇದನ್ನೆಲ್ಲ ಸಾಧ್ಯ ಮಾಡಿದ ಎಂಜಿನಿಯರುಗಳಿಗೆ, ಪಟ್ಟು ಹಿಡಿದ ಅಧಿಕಾರಿಗಳಿಗೆ ನನ್ನಂಥವರು ಋಣಿಗಳು. ಹತ್ತು ವರ್ಷ ಹಿಂದಿನ ಸಣ್ಣ ಕಾರಿನಲ್ಲಿ ಕೂತಿದ್ದರೆ ನನ್ನ ಕಾಲು ಡ್ಯಾಶ್‌ಬೋರ್ಡಿನಡಿ ಸಿಕ್ಕಿಕೊಂಡಿರುತ್ತಿತ್ತು ಅಂತ ಅದೇ ಮೇಸ್ತ್ರಿ ಹೇಳಿದರು.

ಇನ್ನು ನಿಮ್ಮ ಇಲಾಖೆಯ ವಿಷಯಕ್ಕೆ ಬರುತ್ತೇನೆ.

ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಒಂದು ತಡೆಗೋಡೆಗೆ ಹೊಡೆಸುತ್ತಾರೆ. ಆ ತಡೆ ಬಂಪರಿನ ಎತ್ತರದಲ್ಲೇ ಇರುತ್ತದೆ. ಹಾಗಾಗಿ ಮಡಚಿಕೊಳ್ಳಬೇಕಾದ ಭಾಗ ಮಡಚಿಕೊಳ್ಳುತ್ತದೆ. ಲಾರಿಯ ಹಿಂಭಾಗ ಹಾಗಲ್ಲ. ಅದರ ಹಲಗೆ ಇರುವುದು ನಮ್ಮ ಕಾರಿನ ಬಾನೆಟ್ಟಿಗಿಂತ ಮೇಲೆ. ಕೆಳಗೆ ತಡೆಯುವಂಥದ್ದು ಏನೂ ಇಲ್ಲದಿದ್ದರೆ ಬಂಪರು, ಬಾನೆಟ್ಟು, ಉಕ್ಕಿನ ತೊಲೆ ಯಾವುದಕ್ಕೂ ಏಟು ಬೀಳದೆ ಕಾರು ಸೀದಾ ಲಾರಿಯ ಅಡಿಗೆ ನುಗ್ಗುತ್ತದೆ. ಮೊದಲ ಏಟು ಬೀಳುವುದು ಗಾಜಿಗೆ, ಆಮೇಲೆ ಒಳಗೆ ಕೂತವರ ತಲೆಗೆ. ಐದು ಸ್ಟಾರಿನ ಕಾರಾದರೂ ಅಲ್ಲಿ ಏನೂ ಮಾಡಲಾಗದು. ಅದಕ್ಕೇ ಲಾರಿ, ಟ್ರೇಲರುಗಳ ಹಿಂದೆ ತಗ್ಗಿನಲ್ಲಿ ಗಟ್ಟಿ ಅಡ್ಡಪಟ್ಟಿ ಇರಬೇಕೆಂದು ನಿಯಮ ಮಾಡಿದ್ದಾರೆ. ಅದರ ಬಲಕ್ಕೆ, ಎತ್ತರಕ್ಕೆ ಐಎಸ್ 14812 ಎಂಬ ಮಾನದಂಡವೂ ಇದೆ.

ನಮಗೆ ಎದುರಾದ ಲಾರಿಗೆ ದೀಪ ಇರಲಿಲ್ಲ, ರಿಫ್ಲೆಕ್ಟರ್ ಇರಲಿಲ್ಲ. ಆದರೆ ಅಡ್ಡಪಟ್ಟಿ ಇತ್ತು. ಪೊಲೀಸ್ ಠಾಣೆಯ ಆವರಣದಲ್ಲಿ ಅದನ್ನೂ ನೋಡಿದೆ. ಬಲತುದಿ ಒಳಕ್ಕೆ ಬಾಗಿತ್ತು, ನಮ್ಮ ಕಾರಿನ ಬಣ್ಣ ಅದಕ್ಕೆ ಮೆತ್ತಿಕೊಂಡಿತ್ತು, ಬೋಲ್ಟುಗಳು ಮಾತ್ರ ಬಿಟ್ಟಿರಲಿಲ್ಲ. ನಮ್ಮ ಕಾರಿನ ಒಳ್ಳೆಯತನವೆಲ್ಲ ಕೆಲಸಕ್ಕೆ ಬಂದದ್ದು ಆ ನಾಲ್ಕಾರು ಬೋಲ್ಟು ಹಿಡಿದುಕೊಂಡಿದ್ದರಿಂದ.

ಅಂದಿನಿಂದ ಹೆದ್ದಾರಿಯಲ್ಲಿ ಹೋಗುವಾಗ ನನ್ನ ಕಣ್ಣು ಲಾರಿಗಳ ಹಿಂಭಾಗದ ಮೇಲೇ ಇರುತ್ತದೆ. ಟಿಪ್ಪರುಗಳ ಹಿಂದೆ ಬಹಳ ಕಡೆ ಪಟ್ಟಿಯೇ ಇಲ್ಲ. ಕೆಲವಕ್ಕೆ ತೆಳ್ಳನೆಯ ಪೈಪು, ಕೆಲವಕ್ಕೆ ತಂತಿಯಲ್ಲಿ ಕಟ್ಟಿದ ಪಟ್ಟಿ. ನಮ್ಮೂರಿನ ಲಾರಿ ಸ್ಟ್ಯಾಂಡ್ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟಿರುವವರನ್ನು ಕೇಳಿದೆ. "ಕ್ವಾರಿ ಒಳಗೆ ಇಳಿಯುವಾಗ, ಲೋಡು ಸುರಿಯುವಾಗ ಅದು ತಗಲುತ್ತೆ ಮೇಡಂ, ಬಿಚ್ಚಿಡ್ತಾರೆ. ಎಫ್‌ಸಿ ಹತ್ತಿರ ಬಂದಾಗ ಮತ್ತೆ ಹಾಕಿಸ್ತಾರೆ" ಎಂದರು. ಚಾಲಕರನ್ನು ನಾನು ದೂರುವುದಿಲ್ಲ. ಪಂಕ್ಚರ್ ಆದಾಗ ನಿಲ್ಲಿಸಲು ಜಾಗವಿಲ್ಲದೆ, ನಿದ್ದೆಯಿಲ್ಲದೆ ದುಡಿಯುವವರು ಅವರು. ಆದರೆ ಎಫ್‌ಸಿ ದಿನ ಆ ಪಟ್ಟಿಯ ವೆಲ್ಡಿಂಗ್ ಹಳೆಯದೋ ನಿನ್ನೆಯದೋ ಎಂದು ನೋಡಿದರೆ ಯಾರಿಗೂ ಗೊತ್ತಾಗುತ್ತದೆ, ಅಲ್ವಾ ಸರ್? ಬ್ರೇಕು, ಹೆಡ್‌ಲೈಟು, ಹೊಗೆಯನ್ನು ಯಂತ್ರ ಅಳೆಯಲಿ. ಈ ಪಟ್ಟಿಯನ್ನು ಒಬ್ಬ ಇನ್‌ಸ್ಪೆಕ್ಟರು ಕೂತು, ಬಗ್ಗಿ, ಎಳೆದು ನೋಡಬೇಕು. ನಡುವೆ ಬಿಚ್ಚಿಟ್ಟು ಓಡಿಸುವವರಿಗೆ ಚೆಕ್‌ಪೋಸ್ಟಿನಲ್ಲಿ, ಕ್ವಾರಿ ಬಾಗಿಲಿನಲ್ಲಿ ದಂಡ ಬೀಳಬೇಕು.

2024ರ ಡಿಸೆಂಬರ್‌ನಲ್ಲಿ ನೆಲಮಂಗಲದ ಹತ್ತಿರ ಕಂಟೇನರ್ ಲಾರಿ ಮಗುಚಿ ಬಿದ್ದು ಕಾರಿನಲ್ಲಿದ್ದ ಒಂದೇ ಮನೆಯ ಆರು ಜನ ತೀರಿಕೊಂಡದ್ದು ನಿಮಗೆ ನೆನಪಿರುತ್ತದೆ. ರಕ್ಷಣೆಗೆ ಹೆಸರಾದ ಕಾರು ಅದು. ಅಲ್ಲಿ ಅಡ್ಡಪಟ್ಟಿಯ ಪ್ರಶ್ನೆ ಇರಲಿಲ್ಲ, ಗೊತ್ತು. ಆದರೆ ಆ ಸುದ್ದಿ ಓದಿದಾಗ ಒಂದು ಮಾತು ಮನಸ್ಸಿಗೆ ನಾಟಿತು. ಕಾರು ಕೊಳ್ಳುವವರು ಎಷ್ಟೇ ಸಾಲ ಮಾಡಿ ಎಂಥ ಕಾರು ತಂದರೂ ಪಕ್ಕದಲ್ಲಿ ಓಡುವ ಲಾರಿ ಹೇಗಿದೆ ಎನ್ನುವುದು ಅವರ ಕೈಯಲ್ಲಿಲ್ಲ. ಅದು ಸರ್ಕಾರದ ಕೈಯಲ್ಲಿದೆ.

ಎರಡನೆಯದು ಬೆಲ್ಟು. ಆಸ್ಪತ್ರೆಯಿಂದ ಮನೆಗೆ ಬರಲು ಟ್ಯಾಕ್ಸಿ ಮಾಡಿಕೊಂಡೆವು. ಹಿಂದೆ ಕೂತ ಅಮ್ಮ, ನೋವಿದ್ದರೂ, ಮೊದಲು ಹುಡುಕಿದ್ದು ಬೆಲ್ಟನ್ನು. ಭುಜದ ಪಟ್ಟಿ ಸಿಕ್ಕಿತು, ಅದನ್ನು ಸಿಕ್ಕಿಸುವ ಬಕಲ್ ಸಿಗಲಿಲ್ಲ. ಹೊಸ ಸೀಟ್ ಕವರು ಹಾಕಿಸುವಾಗ ಅದನ್ನು ಅಡಿಗೆ ತಳ್ಳಿ ಮೇಲೆ ಹೊಲಿದುಬಿಟ್ಟಿದ್ದರು. "ಅದೆಲ್ಲಾ ಮುಂದೆ ಕೂತೋರಿಗೆ ಅಜ್ಜಿ, ಹಿಂದಿನೋರಿಗೆ ಏನಾಗಲ್ಲ ಬಿಡಿ" ಎಂದು ಚಾಲಕ ಹುಡುಗ ಬಹಳ ಪ್ರೀತಿಯಿಂದಲೇ ಹೇಳಿದ. ಅವನು ಕೆಟ್ಟವನಲ್ಲ. ಅವನಿಗೆ ಯಾರೂ ಹೇಳಿಲ್ಲ. ಅಮ್ಮ ಕೈ ತೂರಿಸಿ ಎಳೆದರೂ ಅದು ಬರಲಿಲ್ಲ. ಮನೆ ಮುಟ್ಟುವವರೆಗೆ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದರು.

ಹಿಂದಿನವರಿಗೆ ಏನೂ ಆಗಲ್ಲ ಎಂಬ ನಂಬಿಕೆಗೆ ಎಷ್ಟೋ ಜೀವ ಹೋಗಿವೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕೂತಿದ್ದದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಹಿಂದಿದ್ದ ಇಬ್ಬರೂ ಉಳಿಯಲಿಲ್ಲ, ಮುಂದಿದ್ದ ಇಬ್ಬರು ಉಳಿದರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ ಅದೇ 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅದರಲ್ಲಿ 8,384 ಮಂದಿ ಚಾಲಕರು, 8,331 ಮಂದಿ ಪ್ರಯಾಣಿಕರು. ಹೆಚ್ಚುಕಡಿಮೆ ಅರ್ಧಕ್ಕರ್ಧ. ಸ್ಟೀರಿಂಗ್ ಹಿಡಿದವರಿಗೆ ಮಾತ್ರ ಬೆಲ್ಟು ಎನ್ನುವ ಮಾತಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಹಿಂದೆ ಬೆಲ್ಟ್ ಹಾಕದೆ ಕೂತವರು ಡಿಕ್ಕಿಯ ಹೊತ್ತಿಗೆ ಮುಂದಿನ ಸೀಟಿಗೆ ಬಂದು ಅಪ್ಪಳಿಸುತ್ತಾರೆ, ಮುಂದೆ ಬೆಲ್ಟ್ ಹಾಕಿ ಕೂತವರ ಜೀವಕ್ಕೂ ಅದು ಅಪಾಯ. ನನ್ನ ಹಿಂದೆ ಕೂತಿದ್ದದ್ದು ಅಮ್ಮ. ಅವರ ಬೆಲ್ಟು ನನ್ನನ್ನೂ ಉಳಿಸಿತು.

2022ರ ಅಕ್ಟೋಬರ್‌ನಲ್ಲಿ ನಮ್ಮ ಪೊಲೀಸ್ ಇಲಾಖೆ ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ ಸಾವಿರ ರೂಪಾಯಿ ದಂಡ ಎಂದು ಆದೇಶ ಮಾಡಿತು. ಒಳ್ಳೆಯದೇ. ಆದರೆ ಬಕಲ್ಲೇ ಇಲ್ಲದ ಟ್ಯಾಕ್ಸಿಯಲ್ಲಿ ಪ್ರಯಾಣಿಕರು ಏನು ಮಾಡಬೇಕು? ಕಾರ್ಖಾನೆಯಿಂದ ಬರುವಾಗ ಬೆಲ್ಟೂ ಇರುತ್ತದೆ, ಬಕಲ್ಲೂ ಇರುತ್ತದೆ. ಅದು ಮಾಯವಾಗುವುದು ಸೀಟ್ ಕವರಿನ ಅಂಗಡಿಯಲ್ಲಿ. ಟ್ಯಾಕ್ಸಿ, ಲಾರಿ ಎರಡೂ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿಗೆ ಬರಲೇಬೇಕು. ಆಗ ಇನ್‌ಸ್ಪೆಕ್ಟರು ಹಿಂದಿನ ಬಾಗಿಲು ತೆಗೆದು ಕೂತು, ಮೂರೂ ಬೆಲ್ಟನ್ನು ಎಳೆದು ಸಿಕ್ಕಿಸಿ ನೋಡಿದರೆ ಎರಡು ನಿಮಿಷವೂ ಬೇಡ. ಸಿಕ್ಕದಿದ್ದರೆ ಅಲ್ಲೇ ಕವರು ಕತ್ತರಿಸಿ ಬಕಲ್ ಹೊರಗೆ ತೆಗೆಸಲಿ. ಆ್ಯಪ್‌ನಲ್ಲಿ ಟ್ಯಾಕ್ಸಿ ಓಡಿಸುವ ಕಂಪನಿಗಳಿಗೆ ಲೈಸೆನ್ಸ್ ಕೊಡುವುದೂ ನಿಮ್ಮ ಇಲಾಖೆಯೇ. ಅದನ್ನು ನವೀಕರಿಸುವಾಗ ಇದೇ ಮಾತನ್ನು ಷರತ್ತಾಗಿ ಸೇರಿಸಬಹುದು.

ನಿಮ್ಮಿಂದ ಬೇಕಿರುವುದು ಎಲ್ಲ ಆರ್‌ಟಿಒ ಕಚೇರಿಗಳಿಗೂ, ಎಫ್‌ಸಿ ತಪಾಸಣೆ ಕೇಂದ್ರಗಳಿಗೂ ಒಂದು ಸುತ್ತೋಲೆ. ಲಾರಿಯ ಹಿಂದಿನ ಅಡ್ಡಪಟ್ಟಿ, ಅದರ ಮೇಲಿನ ಕೆಂಪು ರಿಫ್ಲೆಕ್ಟರ್, ಟ್ಯಾಕ್ಸಿಯ ಹಿಂದಿನ ಬೆಲ್ಟು ಮತ್ತು ಬಕಲ್, ಇವುಗಳ ಫೋಟೋ ಎಫ್‌ಸಿ ಕಡತದಲ್ಲಿ ಇರಲೇಬೇಕು ಎಂದು ಅದರಲ್ಲಿ ಬರೆಸಿ. ಫೋಟೋಗೆ ಸಹಿ ಹಾಕಿದ ಅಧಿಕಾರಿ ಯಾರೆಂಬುದೂ ದಾಖಲಾಗಲಿ. ಸಾಧ್ಯವಾದರೆ ಎಫ್‌ಸಿ ನಡೆಯುವ ಹೊತ್ತಿಗೆ ನೀವೇ ಒಮ್ಮೆ, ಮೊದಲೇ ತಿಳಿಸದೆ, ಯಾವುದಾದರೂ ಜಿಲ್ಲೆಯ ಮೈದಾನಕ್ಕೆ ಹೋಗಿ ಒಂದು ಟಿಪ್ಪರಿನ ಹಿಂದೆ ನಿಂತು ನೋಡಿ. ಸುತ್ತೋಲೆ ಹೊರಟ ದಿನ ಅದನ್ನು ಇಲಾಖೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಹಾಕಿಸಿ. ಮುಂದಿನ ಸಲ ಟ್ಯಾಕ್ಸಿ ಹತ್ತುವಾಗ ಬಕಲ್ ಸಿಗದಿದ್ದರೆ, ಚಾಲಕರಿಗೆ ತೋರಿಸಲು ನನ್ನ ಫೋನಿನಲ್ಲಿ ಅದು ಇರಬೇಕು.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಕಾಲೇಜು ಉಪನ್ಯಾಸಕಿ, ದಾವಣಗೆರೆ