ಕರಡು ಸುಡಬೇಡ

ತುಮಕೂರು

ಪ್ರೀತಿಯ ತಂಗಿ,

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಮೇಲೆ ನೀನು ಬರೆದ ಕತೆಯನ್ನು ಎರಡು ಸಲ ಓದಿದೆ. ಅಪ್ಪ ಒಂದು ಗೂಡೆತ್ತಿ ಕಿವಿ ಹತ್ತಿರ ಅಲುಗಿಸಿ ನೋಡುವ ಸಾಲು ಬಿಟ್ಟು ಹೋಗುತ್ತಿಲ್ಲ. ವಾಟ್ಸಾಪ್ ಗುಂಪಿನಿಂದ ಅದನ್ನು ಎತ್ತಿ ಯಾರೋ ತಮ್ಮ ಹೆಸರಲ್ಲಿ ಫೇಸ್‌ಬುಕ್ಕಿಗೆ ಹಾಕಿಕೊಂಡಿದ್ದಾರೆ, ಸರಿ. ಆದರೆ ‘ನೋಂದಣಿ ಮಾಡಿಸಿಲ್ಲ, ಇನ್ನೇನು ಮಾಡೋದು’ ಅಂತ ಕೈಚೆಲ್ಲಿ ಕೂತಿದ್ದೀಯಲ್ಲ, ಅದಕ್ಕೆ ನನಗೆ ಸಿಟ್ಟು. ಬರೆದ ಗಳಿಗೆಯಲ್ಲೇ ಹಕ್ಕು ನಿನ್ನದಾಯಿತು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಕೋರ್ಟಿನಲ್ಲಿ ಮೇಲ್ನೋಟದ ಸಾಕ್ಷಿಯಾಗುತ್ತದೆ, ಅಷ್ಟೇ.

ನನ್ನ ಚಿಂತೆ ಬೇರೆ. ಕರಡುಗಳನ್ನೆಲ್ಲ ಒಲೆಗೆ ಹಾಕಿದೆ ಅಂತ ಬರೆದಿದ್ದೀಯ. ಯಾಕಮ್ಮ ಹಾಗೆ ಮಾಡಿದೆ? ಪ್ರಕಟವಾದ ಪ್ರತಿಯ ಮೇಲೆ ಲೇಖಕರೆಂದು ಯಾರ ಹೆಸರಿದೆಯೋ ಅವರೇ ಬರೆದವರೆಂದು ಕೋರ್ಟು ಮೊದಲಿಗೆ ಭಾವಿಸುತ್ತದೆ. ಕಲಂ 55ರಲ್ಲೇ ಹಾಗಿದೆ. ಅದು ಸುಳ್ಳೆಂದು ತೋರಿಸಬೇಕಾದವಳು ನೀನು. ಕದ್ದವನ ಹತ್ತಿರ ಇರುವುದು ಕೊನೆಯ ರೂಪ ಮಾತ್ರ. ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಬದಲಿಸಿದ ಹೆಸರು, ಕೈಬಿಟ್ಟ ಮೊದಲ ಪುಟ ಅವನಲ್ಲಿ ಇರುವುದಿಲ್ಲ. ಪ್ರತಿ ಕರಡಿಗೂ ತಾರೀಖು ಹಾಕು. ಮೊಬೈಲಿನಲ್ಲಿ ತಿದ್ದುವಾಗ ಹಳೆಯ ಫೈಲನ್ನೇ ಅಳಿಸಿ ಬರೆಯದೆ ಬೇರೆ ಹೆಸರಲ್ಲಿ ಉಳಿಸು. ಪತ್ರಿಕೆಗೆ ಕಳಿಸಿದ ಇಮೇಲ್ ಹಾಗೇ ಇರಲಿ. ಅಂಚೆ ಮುದ್ರೆಯ ತಾರೀಖು ಸಾಕ್ಷಿಯಾಗಲಿ ಅಂತ ಕತೆಯನ್ನು ಲಕೋಟೆಯಲ್ಲಿಟ್ಟು ತನಗೆ ತಾನೇ ಅಂಚೆಗೆ ಹಾಕಿ ಒಡೆಯದೆ ಇಟ್ಟುಕೊಳ್ಳುವವರಿದ್ದಾರೆ. ಕಾಯ್ದೆ ಅದಕ್ಕೆ ವಿಶೇಷ ಬೆಲೆ ಕೊಟ್ಟಿಲ್ಲ.

ಈಗ ಆ ಪೋಸ್ಟಿನ ಕೆಳಗೆ ಹೋಗಿ ಬೈಯಬೇಡ, ಅವನು ಅಳಿಸಿಬಿಟ್ಟರೆ ಪುರಾವೆಯೂ ಹೋಯಿತು. ಮೊದಲು ಲಿಂಕ್, ತಾರೀಖು ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡು. ಆಮೇಲೆ ಫೇಸ್‌ಬುಕ್ಕಿನ ಕಾಪಿರೈಟ್ ದೂರಿನ ಫಾರ್ಮ್ ತುಂಬು. ಅದಕ್ಕೂ ನೋಂದಣಿ ಇರಲೇಬೇಕೆಂದಿಲ್ಲ. ಬಗ್ಗದಿದ್ದರೆ ವಕೀಲರಿಂದ ನೋಟಿಸು, ಆಮೇಲೆ ದಾವೆ. ಅವನು ಮುಂಬೈಯಲ್ಲಿದ್ದರೂ ನೀನು ಅಲ್ಲಿಗೆ ಅಲೆಯಬೇಕಿಲ್ಲ. ಕಲಂ 62ರ ಪ್ರಕಾರ ನೀನು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಚಿಕ್ಕಬಳ್ಳಾಪುರದಲ್ಲೇ ತಡೆಯಾಜ್ಞೆ, ಪರಿಹಾರ ಕೇಳಬಹುದು. ದಾವೆಗೆ ಮೂರು ವರ್ಷದ ಗಡುವಿದೆ, ತಡಮಾಡಬೇಡ. ಗೊತ್ತಿದ್ದೂ ಕದಿಯುವುದು ಕಲಂ 63ರಲ್ಲಿ ಅಪರಾಧ. ಶಿಕ್ಷೆ 6 ತಿಂಗಳಿಂದ 3 ವರ್ಷದವರೆಗೆ. ಠಾಣೆಯಲ್ಲಿ ನೋಂದಣಿ ಪತ್ರ ಕೇಳಿದರೆ ಆ ಕಲಂನಲ್ಲಿ ಅಂಥ ಷರತ್ತಿಲ್ಲ ಅಂತ ಹೇಳು.

ಒಂದು ಮಾತು ಮಾತ್ರ ನೆನಪಿರಲಿ: ನಾಳೆ ಬೇರೆ ಯಾರಾದರೂ ಗೂಡಿನ ಮಾರುಕಟ್ಟೆಯ ಮೇಲೆ ತಮ್ಮದೇ ಕತೆ ಬರೆದರೆ ಜಗಳಕ್ಕೆ ಹೋಗಬೇಡ. ಕಥಾವಸ್ತುವಿಗೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಇದೆ. 1978ರಲ್ಲೇ ನಾಟಕಕಾರ ಆರ್.ಜಿ. ಆನಂದ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ.

ಒಲೆಗೆ ಬೀಳದೆ ಉಳಿದ ಹಾಳೆ ಎಷ್ಟಿವೆ, ಹುಡುಕಿ ಬರೆ. ಗೆಳತಿಯರಿಗೆ ಓದಲು ಕಳಿಸಿದ್ದ ತುಣುಕುಗಳೂ ಲೆಕ್ಕಕ್ಕೆ ಬರುತ್ತವೆ. ಅವರ ಫೋನಿನಲ್ಲಿ ಇವೆಯೇ ಅಂತ ಇವತ್ತೇ ಕೇಳು.

ನಿನ್ನ ಅಣ್ಣ